ಯಾರೂ ಎತ್ತದಿರಲಿ ಎಂದು ಫೋನ್ ಮಾಡುವಾಕೆ

ಬೆಳಕು ಇನ್ನೂ ಬೆಟ್ಟದ ಆಚೆ ಮಗ್ಗುಲಲ್ಲಿದೆ. ಐನ್ ಜೌಝ್ ಊರಿನ ನೆತ್ತಿಯ ಮೇಲಿರುವ ಮಾರ್ ಝಖಿಯಾ ವಿಶ್ವವಿದ್ಯಾಲಯದ ಕಬ್ಬಿಣದ ಗೇಟನ್ನು ಕಾವಲಿನ ಮಿಲ್ಹೆಮ್ ಒಬ್ಬರು ನುಸುಳುವಷ್ಟೇ ತೆರೆಯುತ್ತಾನೆ. ನುಸುಳುವವರು ಇಲ್ಲಿನ ಟೆಲಿಫೋನ್ ಆಪರೇಟರ್ ವದಾದ್ ಶಲ್ಹೂಬ್, ಎಲ್ಲರ ಬಾಯಲ್ಲಿ ಸಿತ್ತ್, ಅಂದರೆ ಅಮ್ಮಾವ್ರು. ಕೈಯಲ್ಲಿ ಕಾಫಿಯ ಫ್ಲಾಸ್ಕು, ಬಗಲಲ್ಲಿ ಝಾತರ್ ಸೊಪ್ಪಿನ ಪುಡಿ ಸವರಿದ ರೊಟ್ಟಿಯ ಪೊಟ್ಟಣ, ತಲೆಯ ಮೇಲೆ ಡ್ರೋನು.

ಡ್ರೋನು ಅವರು ತಂದದ್ದಲ್ಲ. ಅದು ನಿನ್ನೆಯಿಂದ ಅಲ್ಲೇ ಗುಂಯ್ ಅನ್ನುತ್ತಿದೆ. ನಮ್ಮ ಜನ ಅದಕ್ಕೆ ಉಮ್ಮ್ ಕಾಮೆಲ್ ಎಂದು ಹೆಸರಿಟ್ಟಿದ್ದಾರೆ, ಕಾಮೆಲನ ತಾಯಿ. ಪಕ್ಕದ ಮನೆಯ ಗೋಡೆಯ ಮೇಲಿಂದ ಇಣುಕಿ, ನೀವು ಏನು ಬೇಯಿಸಿದಿರಿ, ಯಾರಿಗೆ ಬಡಿಸಿದಿರಿ ಎಂದು ನೋಡುವ ಹೆಂಗಸಿಗೆ ಇಡುವಂಥ ಹೆಸರು. ಹೆಸರಿಟ್ಟರೆ ಹೆದರಿಕೆ ಅರ್ಧಕ್ಕಿಳಿಯುತ್ತದೆ ಅಂತ ಯಾರೋ ಅಂದುಕೊಂಡಿರಬೇಕು. ಇಳಿದಿಲ್ಲ.

"ಸಬಾಹ್ ಎಲ್-ಖೇರ್ ಸಿತ್ತ್. ನಿದ್ದೆ ಆಯ್ತಾ?" ಮಿಲ್ಹೆಮ್ ಕೇಳುತ್ತಾನೆ.

"ನಂಗಾಗ್ಲಿಲ್ಲ. ಅವಳಿಗೆ?" ವದಾದ್ ಗದ್ದ ಎತ್ತಿ ಆಕಾಶ ತೋರಿಸುತ್ತಾರೆ.

"ಅವಳಿಗೆಲ್ಲಿ ನಿದ್ದೆ. ನಮ್ಮತ್ತೆ ಥರ. ಕಣ್ಮುಚ್ಚಿದ್ರೂ ನೋಡ್ತಾನೇ ಇರ್ತಾಳೆ."

ವದಾದ್ ನಗುವುದಿಲ್ಲ. ಅಂಗಳ ದಾಟುವಾಗ ನಡುವೆ ನಡೆಯದೆ ಗೋಡೆಗೆ ಅಂಟಿಕೊಂಡೇ ಹೋಗುತ್ತಾರೆ. ಆಕಾಶದಿಂದ ನೋಡುವವರಿಗೆ ಗೋಡೆ ಯಾವ ಲೆಕ್ಕ ಅಂತ, ಅವರ ಬಗ್ಗೆ ಬರೆಯಲು ಬಂದು ಹಿಂದೆಯೇ ನಡೆಯುತ್ತಿರುವ ನಾನು ಕೇಳಿದರೆ, "ನಂಗೊತ್ತು. ಆದ್ರೆ ನನ್ನ ಕಾಲಿಗೆ ಗೊತ್ತಿಲ್ವಲ್ಲ" ಅನ್ನುತ್ತಾರೆ.

ಆಡಳಿತ ಕಚೇರಿಯ ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆಯೊಂದಿದೆ. ಅಲ್ಲಿ ಗೋಡೆಗೊರಗಿ ಕೂತಿದೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜು. ಹೆಸರಿಗೆ ಎಕ್ಸ್‌ಚೇಂಜು, ಅದರಲ್ಲಿ ಚೇಂಜು ಅಂತ ಏನೂ ಆದದ್ದನ್ನು ಕಂಡವರಿಲ್ಲ. ಒಂದೊಂದು ಕೋಣೆಗೆ ಒಂದೊಂದು ಪುಟ್ಟ ದೀಪ, ದೀಪದ ಕೆಳಗೊಂದು ಗುಂಡಿ, ಹೊರಗಿನ ಕರೆಗಳಿಗೆ ಬೇರೆ ದೀಪಗಳು. ಈ ಕಾಲದಲ್ಲಿ ಇದೆಲ್ಲ ಯಾಕೆ ಅನ್ನಬೇಡಿ. ಮೊಬೈಲು ಎಲ್ಲರ ಕೈಯಲ್ಲೂ ಇದೆ, ಸಿಗ್ನಲ್ಲು ಯಾರ ಕೈಯಲ್ಲೂ ಇಲ್ಲ. ಟವರಿಗೆ ಕರೆಂಟಿಲ್ಲ, ಜನರೇಟರಿಗೆ ಡೀಸೆಲ್ಲಿಲ್ಲ. ಮೂಲೆಯಲ್ಲಿರುವ ಬ್ಯಾಟರಿಗಳ ದಯೆಯಿಂದ ನೆಲದಡಿಯ ಹಳೇ ತಂತಿಯೊಂದೇ ಯುದ್ಧದ ದಿನಗಳಲ್ಲೂ ಮಾತು ಬಿಟ್ಟಿಲ್ಲ.

ವದಾದ್ ಕಿತ್ತಳೆ ಹೂವಿನ ನೀರಿನಲ್ಲಿ ಬಟ್ಟೆ ಅದ್ದಿ ರಿಸೀವರನ್ನು ಒರೆಸುತ್ತಾರೆ. ಕುರ್ಚಿಯ ಬೆನ್ನಿಗೆ ಸ್ವೆಟರ್ ಹಾಕುತ್ತಾರೆ. ಅಷ್ಟರಲ್ಲಿ ಮೊದಲ ದೀಪ ಹತ್ತಿಕೊಳ್ಳುತ್ತದೆ. ಈ ಹೊತ್ತಿಗೆ ಫೋನ್ ಮಾಡುವವರು ತಾಯಂದಿರೇ. ಝಹ್ಲೆ ಊರಿನ ತಾಯಿಯ ದನಿ ರಬ್ಬರಿನಂತೆ ಎಳೆಯುತ್ತದೆ: "ಅಲೋಓಓ, ಸಿತ್ತ್ ವದಾಆದ್, ನನ್ ಮಗಳು ಎದ್ಲಾಆ?" ಮರ್ಜಯೂನಿನ ತಾಯಿ ಕತ್ತರಿಯಿಂದ ಕತ್ತರಿಸಿದಂತೆ: "ಇದಾಳಾ? ಉಂಡ್ಲಾ? ಸರಿ." ಅಕ್ಕಾರಿನ ತಾಯಿ ಮಾತೇ ಆಡುವುದಿಲ್ಲ, ಉಸಿರು ಮಾತ್ರ ಕೇಳಿಸುತ್ತದೆ, ಆ ಉಸಿರಿಗೇ ವದಾದ್ ಉತ್ತರ ಕೊಡುತ್ತಾರೆ.

"ಹಬೀಬ್ತಿ, ನನ್ನಮ್ಮಾ, ಮಲಗಿದಾಳೆ, ಇನ್ನೂ ಎದ್ದಿಲ್ಲ. ಹೆದರಿದೋರು ಮಲಗ್ತಾರಾ? ಮಲಗಿದಾಳೆ ಅಂದ್ರೆ ಚೆನ್ನಾಗೇ ಇದಾಳೆ. ನೀವು ಕಾಫಿ ಕುಡೀರಿ."

ದನಿ ಕೇಳಿದರೆ ಹೊಳೆಯ ದಡದಲ್ಲಿ ಕಾಲು ಇಳಿಬಿಟ್ಟು ಕೂತವರ ದನಿ. ಕೈ ನೋಡಿದರೆ ಮಾತ್ರ ಫೋನಿನ ಸುರುಳಿ ವೈರು ಬೆರಳಿಗೆ ಬಿಗಿದು ಬೆರಳ ತುದಿ ಬಿಳಿಚಿಕೊಂಡಿದೆ. "ಮಾತು ನನ್ನ ನೌಕ್ರಿ. ನಡುಕ ನನ್ನ ಸ್ವಂತದ್ದು" ಅನ್ನುತ್ತಾರೆ. ದಿನಕ್ಕೆ ನಾನೂರು ಕರೆಯಾದರೂ ಬರುತ್ತವೆ, ಕರೆಯ ಜೊತೆಗೆ ಅಷ್ಟೇ ಕರಕರೆ.

ಈ ಬೆಟ್ಟದ ಮೇಲೆ ಈಗ ಯಾರೂ ಒಂದೇ ಕೆಲಸ ಮಾಡುವುದಿಲ್ಲ. ಗಣಿತದ ಮೇಷ್ಟ್ರು ಪಾಠ ಮುಗಿಸಿ ಅಡುಗೆಮನೆಯಲ್ಲಿ ಮಸೂರ್ ಬೇಳೆ ಅಳೆಯುತ್ತಾರೆ, ಅಳತೆ ತಪ್ಪುವುದೂ ಅವರದೇ. ನರ್ಸಿಂಗ್ ಕಲಿಸುವ ಮೇಡಮ್ಮು ನೆಲಮಾಳಿಗೆಯಲ್ಲಿ ಆಲಿವ್ ಎಣ್ಣೆಯ ಡಬ್ಬಗಳ ನಡುವೆ ತರಗತಿ ನಡೆಸುತ್ತಾರೆ. ತೋಟದವರು ಹಾಸ್ಟೆಲಿನ ಕಿಟಕಿಗಳಿಗೆ ಟೇಪು ಅಂಟಿಸುತ್ತಾರೆ. ಸುರಿಯಾನಿ ಎಂಬ ಚರ್ಚಿನ ಹಳೆಯ ಭಾಷೆ ಕಲಿಸುವ ಡಾಕ್ಟರ್ ನಖ್ಲೆ ಅವರ ತರಗತಿಯಲ್ಲಿ ಉಳಿದಿರುವವರು ಮೂವರೇ ವಿದ್ಯಾರ್ಥಿಗಳು, ಅವರಿಗೂ ಮೇಷ್ಟ್ರು ಟೈ ಕಟ್ಟಿಯೇ ಬರುತ್ತಾರೆ. ಬೈರೂತಿನಲ್ಲೋ ಹೊರದೇಶದಲ್ಲೋ ನೆಂಟರಿರುವವರೂ ಹೊರಟಿಲ್ಲ. ಯಾಕೆ ಅಂತ ಕೇಳಿದರೆ ಯಾರೂ ಪ್ರವಚನ ಕೊಡುವುದಿಲ್ಲ. "ಪರೀಕ್ಷೆ ಮುಗೀಲಿ" ಅನ್ನುತ್ತಾರೆ. ಯಾವ ಪರೀಕ್ಷೆ ಎಂದು ಹೇಳುವುದಿಲ್ಲ.

ವದಾದ್ ಇಲ್ಲಿಗೆ ಬಂದದ್ದು ಹಿಂದಿನ ಯುದ್ಧದಲ್ಲಿ, ಹೆರಿಗೆಗೆ ಹೋದ ಚಿಕ್ಕಪ್ಪನ ಮಗಳ ಜಾಗದಲ್ಲಿ ನಾಲ್ಕು ತಿಂಗಳ ಮಟ್ಟಿಗೆ. ಆ ಹೆರಿಗೆಯ ಕೂಸಿಗೆ ಈಗ ಮದುವೆಯಾಗಿದೆ, ವದಾದ್ ಇನ್ನೂ ಇಲ್ಲೇ ಇದ್ದಾರೆ. ಸೇರಿದ ಹೊಸತರಲ್ಲೇ ಒಂದು ಮಧ್ಯಾಹ್ನ ಕೆಳಗಿನ ಏಪ್ರಿಕಾಟ್ ತೋಟಕ್ಕೆ ಶೆಲ್ಲು ಬಿತ್ತು. ಎಲ್ಲರೂ ಆಲಿವ್ ತೋಪಿಗೆ ಓಡಿದರು. ಸಂಜೆ ವಾಪಸಾದಾಗ ಬಟ್ಟೆ ಒಗೆಯುವ ಕೋಣೆಯಿಂದ ಉಮ್ಮ್ ತಾನಿಯೂಸ್ ಎಂಬಾಕೆ ಕಣ್ಣುಜ್ಜುತ್ತ ಹೊರಬಂದರು. ಆಕೆ ಅಡುಗೆಯವರು. ಒಂದು ಕಿವಿ ಮಂದ, ಇನ್ನೊಂದು ಕಿವಿ ದಿಂಬಿನ ಮೇಲಿತ್ತು. "ಊಟಕ್ಕೆ ಯಾಕೆ ಯಾರೂ ಬರ್ಲಿಲ್ಲ? ಉಪ್ಪು ಜಾಸ್ತಿ ಆಗಿತ್ತಾ?" ಎಂದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ವದಾದ್ ಮಾತ್ರ ಚರ್ಚಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡರು.

ಅವತ್ತಿನಿಂದ ಅವರದೊಂದು ಪದ್ಧತಿ. ಕಟ್ಟಡ ಖಾಲಿ ಮಾಡಿ ಅಂತ ಗಂಟೆ ಬಡಿದ ಮೇಲೆ ವದಾದ್ ಓಡುವುದಿಲ್ಲ. ಕೂತು ಒಂದೊಂದೇ ಕೋಣೆಗೆ ಫೋನ್ ಮಾಡುತ್ತಾರೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಎತ್ತಲಿಲ್ಲ ಅಂದರೆ ಒಳಗೆ ಯಾರೂ ಇಲ್ಲ. ಆಗ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಮುಂದಿನ ಗುಂಡಿ ಒತ್ತುತ್ತಾರೆ. ಲೋಕದ ಆಪರೇಟರುಗಳೆಲ್ಲ ಯಾರಾದರೂ ಎತ್ತಲಿ ಅಂತ ಕಾದರೆ, ಇವರು ಯಾರೂ ಎತ್ತದಿರಲಿ ಅಂತ ಕಾಯುತ್ತಾರೆ. ಕೊನೆಯ ಕೋಣೆಯೂ ಮೌನವಾದ ಮೇಲೆಯೇ ಅವರ ಕುರ್ಚಿ ಖಾಲಿ.

"ನನ್ನ ಮರೆತು ಓಡಿದ್ರಲ್ಲ, ಆ ಪಾಪಕ್ಕೆ ಇವತ್ತಿಗೂ ದಂಡ ಕಟ್ತಿದಾಳೆ" ಎಂದು ಉಮ್ಮ್ ತಾನಿಯೂಸ್ ಕೆಣಕುತ್ತಾರೆ. ಇನ್ನೂ ಅದೇ ಅಡುಗೆಮನೆ, ಅದೇ ಕಿವಿ. "ಎತ್ತಿದ್ರೆ ಬೈತಾಳೆ, ಎತ್ತದಿದ್ರೆ ದೇವ್ರಿಗೆ ಕೈಮುಗೀತಾಳೆ. ಇಂಥ ಫೋನು ಯಾವ ದೇಶದಲ್ಲಿದೆ ಹೇಳು?"

ಹೋದ ತಿಂಗಳು ಒಂದು ಬೆಳಿಗ್ಗೆ ಬಂದ ಕರೆಯಲ್ಲಿ ತಾಯಿಯ ದನಿ ಇರಲಿಲ್ಲ. ಯಾರೋ ಗಂಡಸು, ಓದಿ ಹೇಳುವವನ ದನಿಯಲ್ಲಿ, ನಿಮ್ಮ ಕಟ್ಟಡ ಗುರಿಯಲ್ಲಿದೆ, ಕೂಡಲೇ ಖಾಲಿ ಮಾಡಿ ಎಂದ. ಇಂಥ ಕರೆಗಳು ಈಗ ದೇಶದ ತುಂಬ ಬರುತ್ತಿವೆ. ಕೆಲವು ನಿಜವಾಗಿವೆ, ಕೆಲವು ಪೋಕರಿಗಳ ಆಟ. ಯಾವುದು ಯಾವುದೆಂದು ಗೊತ್ತಾಗುವುದು ಆಮೇಲೆ. ವದಾದ್ ಗಂಟೆ ಹೊಡೆಸಿದರು. ಇಡೀ ವಿಶ್ವವಿದ್ಯಾಲಯ ಮೆಟ್ಟಿಲಿಳಿದು ಓಡಿತು. ಆ ನೂಕುನುಗ್ಗಲಲ್ಲಿ ಡಾಕ್ಟರ್ ನಖ್ಲೆ ಎರಡನೇ ಮಹಡಿಯ ತಿರುವಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಸಂಜೆಗೆ ಆ ಕರೆ ಸುಳ್ಳೆಂದು ತಿಳಿಯಿತು.

ಯಾರೂ ಬೈಯಲಿಲ್ಲ. ಕುಲಪತಿಗಳಾದ ಪಾದ್ರಿ, ಅಬೂನಾ ಫಿಲಿಪ್ಪೆ ಕರೆದು, "ಮಗಳೇ, ಇನ್ನೊಂದ್ಸಲ ಬಂದ್ರೆ ಮೊದ್ಲು ಪೌರ ರಕ್ಷಣಾ ದಳದೋರನ್ನ ಕೇಳು. ಆಮೇಲೆ ಗಂಟೆ" ಎಂದರು ಅಷ್ಟೆ. ವದಾದ್ ಡಾಕ್ಟರ್ ನಖ್ಲೆ ಅವರ ಮನೆಗೆ ಬಾದಾಮಿ ಹಾಕಿದ ಸಿಹಿ ಮಾಡಿಕೊಂಡು ಹೋದರು. ಮೇಷ್ಟ್ರು ಎಡಗೈಯಲ್ಲಿ ತಿಂದರು.

"ಆಮೇಲಿಂದ ನಂಗೆ ಎರಡು ಭಯ" ಎಂದು ವದಾದ್ ರೊಟ್ಟಿ ಮುರಿಯುತ್ತ ಹೇಳುತ್ತಾರೆ. "ಕರೆ ಸುಳ್ಳಾಗಿದ್ದು ಗಂಟೆ ಹೊಡೆಸಿದ್ರೆ ಇನ್ನೊಬ್ರು ಬೀಳ್ತಾರೆ. ಕರೆ ನಿಜ ಆಗಿದ್ದು ಹೊಡೆಸದಿದ್ರೆ..." ರೊಟ್ಟಿಯ ಚೂರನ್ನು ಮತ್ತೆ ಪೊಟ್ಟಣಕ್ಕೇ ಹಾಕುತ್ತಾರೆ. "ಒಂದು ಭಯಕ್ಕೆ ಅಭ್ಯಾಸ ಆಗತ್ತೆ. ಎರಡಿದ್ರೆ ಒಂದನ್ನೊಂದು ಎಬ್ಬಿಸ್ತಾ ಇರ್ತಾವೆ."

ಆಗಲೇ ಹೊರಗಿನ ತಂತಿಯ ದೀಪ ಹೊತ್ತಿಕೊಳ್ಳುತ್ತದೆ.

"ಮಾರ್ ಝಖಿಯಾ, ಸಬಾಹ್ ಎಲ್-ಖೇರ್" ಎನ್ನುತ್ತಾರೆ ವದಾದ್. ಆಮೇಲೆ ಆ ಕಡೆಯ ಮಾತನ್ನು ಕೇಳುತ್ತಾರೆ. ಪಕ್ಕದಲ್ಲಿ ಕೂತ ನನಗೆ ಯಾರೋ ಗಂಡಸಿನ ದನಿಯಷ್ಟೇ ಕೇಳಿಸುತ್ತದೆ. ಆ ಕಡೆಯವನು ಫೋನಿಟ್ಟ ಮೇಲೂ ರಿಸೀವರು ಅವರ ಕಿವಿಯಲ್ಲೇ ಇದೆ.

"ಅದೇ ಥರದ ಕರೆನಾ?" ನಾನು ಕೇಳುತ್ತೇನೆ.

ವದಾದ್ ಹೌದೆಂದು ತಲೆಯಾಡಿಸುತ್ತಾರೆ. ಪೌರ ರಕ್ಷಣಾ ದಳಕ್ಕೆ ತಿರುಗಿಸುತ್ತಾರೆ. ಎಂಗೇಜು. ಮತ್ತೆ ತಿರುಗಿಸುತ್ತಾರೆ. ಎಂಗೇಜು. ಅಬೂನಾ ಅವರು ಬಿಷಪ್ಪರನ್ನು ಕಾಣಲು ಬೆಟ್ಟ ಇಳಿದು ಹೋಗಿದ್ದಾರೆ, ದಾರಿಯಲ್ಲಿ ಅವರ ಮೊಬೈಲು ಸತ್ತಿದೆ. ಮೇಲೆ ಮೂರು ಮಹಡಿಗಳಲ್ಲಿ ತರಗತಿ ಶುರುವಾಗಿವೆ. ಕುರ್ಚಿ ಎಳೆಯುವ ಸದ್ದು, ಹುಡುಗಿಯರ ನಗು, ಯಾರೋ ಮೇಷ್ಟ್ರ ಗಂಟಲು ಸರಿಮಾಡಿಕೊಳ್ಳುವ ಕೆಮ್ಮು ಗೋಡೆಯೊಳಗಿಂದ ಕೇಳಿಬರುತ್ತಿವೆ. ವದಾದ್ ಮತ್ತೆ ತಿರುಗಿಸುತ್ತಾರೆ. ಮೂರನೇ ಸಲವೂ ಎಂಗೇಜು.

"ಯಾ ಅದ್ರಾ, ಕನ್ಯಾತಾಯೀ, ಸುಳ್ಳಾಗಿರ್ಲಿ" ಎಂದು ಮೆಲ್ಲಗೆ ಅಂದು ಗೇಟಿನ ಗುಂಡಿ ಒತ್ತುತ್ತಾರೆ. "ಮಿಲ್ಹೆಮ್, ಗಂಟೆ ಬಡಿ."

"ಸಿತ್ತ್, ದಳದೋರನ್ನ ಕೇಳಿದ್ರಾ? ಖಾತ್ರೀನಾ?"

"ಖಾತ್ರಿ ಇಲ್ಲ. ಬಡಿ."

ಚರ್ಚಿನ ಗಂಟೆ ಹುಚ್ಚೆದ್ದಂತೆ ಬಡಿದುಕೊಳ್ಳುತ್ತದೆ. ಮೇಲಿನ ನಗು ಒಮ್ಮೆಗೇ ನಿಲ್ಲುತ್ತದೆ. ಆಮೇಲೆ ನೂರಾರು ಕಾಲುಗಳು ನಮ್ಮ ತಲೆಯ ಮೇಲಿನ ಮೆಟ್ಟಿಲಲ್ಲಿ ಇಳಿಯತೊಡಗುತ್ತವೆ, ಸುಣ್ಣ ಉದುರುತ್ತದೆ. ಒಬ್ಬ ಮೇಷ್ಟ್ರು ಕೂಗುತ್ತಿದ್ದಾರೆ, "ಓಡ್ಬೇಡಿ, ನಡೀರಿ. ಬ್ಯಾಗು ಬಿಡಿ. ಅಯ್ಯೋ ಬ್ಯಾಗು ಬಿಡಮ್ಮಾ, ಅದರಲ್ಲೇನು ಚಿನ್ನ ಇದ್ಯಾ?" ಸದ್ದು ತೆಳುವಾಗುತ್ತ ಆಲಿವ್ ತೋಪಿನ ಕಡೆ ಇಳಿದುಹೋಗುತ್ತದೆ. ಉಳಿದದ್ದು ಗುಂಯ್ ಎನ್ನುವ ಒಂದೇ ದನಿ.

ವದಾದ್ ಫೋನ್ ಮಾಡಲು ತೊಡಗುತ್ತಾರೆ. ಪ್ರಯೋಗಶಾಲೆ: ರಿಂಗಾಗುತ್ತದೆ, ಯಾರೂ ಇಲ್ಲ. ಶಿಲುಬೆ. ಗ್ರಂಥಾಲಯ: ಯಾರೂ ಇಲ್ಲ. ಶಿಲುಬೆ. ಅಡುಗೆಮನೆಗೆ ಮಾತ್ರ ಎರಡು ಸಲ ಮಾಡುತ್ತಾರೆ. ಖಾಲಿ ಕೋಣೆಗಳಲ್ಲಿ ಫೋನು ಬಡಿದುಕೊಳ್ಳುವುದು ದೂರದಿಂದ ನಮಗೂ ಕೇಳಿಸುತ್ತದೆ. ಒಂದು ಕೋಣೆ ನಿಂತರೆ ಇನ್ನೊಂದು, ಕೆಳಗಿಂದ ಮೇಲೆ, ಯಾರೋ ಕಟ್ಟಡದೊಳಗೆ ಹತ್ತಿಕೊಂಡು ಹೋಗುತ್ತಿರುವಂತೆ. ಮೂರನೇ ಮಹಡಿ, ಸುರಿಯಾನಿ ವಿಭಾಗ. ರಿಂಗಾಗುತ್ತದೆ. ಬಹಳ ಹೊತ್ತು ರಿಂಗಾಗುತ್ತದೆ. ವದಾದ್ ಕೈ ಹಣೆಗೆ ಏರಿದೆ.

ಕ್ಲಿಕ್.

"ಹಲೋ. ದಯವಿಟ್ಟು ಕ್ಷಮಿಸಬೇಕು, ತಡವಾಯಿತು. ತಾವು ಯಾರು ಮಾತನಾಡುತ್ತಿರುವುದು?"

ಫೋನಿನಲ್ಲೂ ಪುಸ್ತಕದ ಭಾಷೆ ಆಡುವವರು ಈ ಬೆಟ್ಟದಲ್ಲಿ ಒಬ್ಬರೇ. ಏದುಸಿರಿನ ನಡುವೆಯೂ ಡಾಕ್ಟರ್ ನಖ್ಲೆ ಅವರ ವ್ಯಾಕರಣ ಕೆಟ್ಟಿಲ್ಲ.

"ಡಾಕ್ಟರೇ, ನೀವಿನ್ನೂ ಅಲ್ಲೇ ಇದೀರಾ? ಗಂಟೆ ಕೇಳ್ಲಿಲ್ವಾ?"

"ಕೇಳಿಸಿತು. ವಿದ್ಯಾರ್ಥಿಗಳನ್ನು ಮುಂದೆ ಕಳುಹಿಸಿ ನಾನೂ ಹೊರಟಿದ್ದೆ. ಹಲವು ಮೆಟ್ಟಿಲು ಇಳಿದೂ ಆಗಿತ್ತು. ಅಷ್ಟರಲ್ಲಿ ದೂರವಾಣಿ ಮೊಳಗಿತು. ಯಾರೋ ತಾಯಿಯಿರಬಹುದು ಎಂದು ಮರಳಿ ಹತ್ತಿ ಬಂದೆ."

ಇಷ್ಟು ವರ್ಷ ಯಾರೂ ಉಳಿಯದಿರಲಿ ಎಂದು ಬಾರಿಸಿದ ಫೋನು ಈಗ ಇಳಿಯುತ್ತಿದ್ದ ಮನುಷ್ಯನನ್ನೇ ಮೇಲಕ್ಕೆಳೆದಿದೆ.

"ಇಡಿ ಫೋನು" ಎನ್ನುತ್ತಾರೆ ವದಾದ್. ದನಿ ಹೊಳೆಯ ದಡ ಬಿಟ್ಟಿದೆ. "ಇಟ್ಟು ಇಳೀರಿ. ಇನ್ನೊಂದ್ಸಲ ರಿಂಗಾದ್ರೆ ಎತ್ಬೇಡಿ. ಪೋಪೇ ಮಾಡಿದ್ರೂ ಎತ್ಬೇಡಿ."

"ಆದರೆ ತಾವು?"

"ಇಡಿ ಅಂದೆ."

ಫೋನಿಟ್ಟ ಸದ್ದಾಗುತ್ತದೆ. ವದಾದ್ ಆ ದೀಪವನ್ನೇ ನೋಡುತ್ತ ಕೂರುತ್ತಾರೆ. ಬೆರಳು ಗುಂಡಿಯ ಹತ್ತಿರ ಹೋಗುತ್ತದೆ, ಹಿಂದೆ ಬರುತ್ತದೆ. ಮತ್ತೆ ಫೋನ್ ಮಾಡಿದರೆ ಮೇಷ್ಟ್ರು ಮತ್ತೆ ಹತ್ತಿ ಬಂದಾರು. ಮಾಡದಿದ್ದರೆ ಅವರು ಇಳಿದರೋ ಇಲ್ಲವೋ ತಿಳಿಯದು. ಹೋದ ತಿಂಗಳು ತಾವು ಬಿದ್ದಿದ್ದ ತಿರುವನ್ನು ಅವರು ಒಂದೇ ಕೈಯ ಆಸರೆಯಲ್ಲಿ ದಾಟಬೇಕು.

ವದಾದ್ ಎದ್ದು ನಿಲ್ಲುತ್ತಾರೆ. "ನೀನು ಆಚೆ ಹೋಗಪ್ಪಾ. ಬರಿಯೋದನ್ನ ಮರದ ಕೆಳಗೆ ಕೂತು ಬರಿ" ಎಂದು ನನ್ನ ಭುಜ ಹಿಡಿದು ಬಾಗಿಲ ಹೊರಗೆ ದೂಡುತ್ತಾರೆ. ತಾವು ಮೆಟ್ಟಿಲ ಕಡೆ ತಿರುಗುತ್ತಾರೆ. ಅಂಗಳದಲ್ಲಿ ಗೋಡೆಗಂಟಿ ನಡೆಯುವ ಹೆಂಗಸು ಅಪಾಯದ ಕಟ್ಟಡದೊಳಗೆ ಮೇಲಕ್ಕೆ ಹತ್ತುತ್ತಿದ್ದಾರೆ, ಕಟಕಟ ಅನ್ನುವ ಅಗ್ಗದ ಚಪ್ಪಲಿಯಲ್ಲಿ.

ತೋಪಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿಲ್ಲ. ಕೆಲವು ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತಿದ್ದಾರೆ. ನರ್ಸಿಂಗ್ ಮೇಡಮ್ಮು ತಲೆ ಎಣಿಸುತ್ತಾರೆ, ತಪ್ಪುತ್ತಾರೆ, ಮತ್ತೆ ಎಣಿಸುತ್ತಾರೆ. ಉಮ್ಮ್ ತಾನಿಯೂಸ್ ಏಪ್ರನ್ನಿನಲ್ಲಿ ಅರ್ಧ ಹೆಚ್ಚಿದ ಈರುಳ್ಳಿ ಇಟ್ಟುಕೊಂಡು ಬಂದಿದ್ದಾರೆ, ಕಣ್ಣೀರಿಗೆ ನೆಪವೂ ಆಯಿತು. ಎಲ್ಲರ ಕಣ್ಣು ಒಂದೇ ಬಾಗಿಲ ಮೇಲೆ. ಬಾಗಿಲು ತೆರೆದೇ ಇದೆ, ಅದರಿಂದ ಯಾರೂ ಬರುತ್ತಿಲ್ಲ.

"ನಾನು ಒಳಗೆ ಹೋಗ್ತೀನಿ" ಎನ್ನುತ್ತಾನೆ ಮಿಲ್ಹೆಮ್.

"ನೀನು ಹೋದ್ರೆ ನಿನ್ನ ಹುಡ್ಕೋಕೆ ಇನ್ನೊಬ್ರು ಹೋಗ್ತಾರೆ. ಕೂತ್ಕೊ" ಎಂದು ಗಣಿತದ ಮೇಷ್ಟ್ರು ಅವನ ಬೆಲ್ಟು ಹಿಡಿದು ಕೂರಿಸುತ್ತಾರೆ. ಕೂರಿಸಿದವರು ಬೆಲ್ಟನ್ನು ಬಿಡುವುದಿಲ್ಲ.

ಕಣಿವೆಯ ಆಚೆ ಎಲ್ಲೋ ಒಂದು ಢಂ ಆಗುತ್ತದೆ. ದೂರದ್ದು. ಆದರೂ ಇಡೀ ತೋಪು ನೆಲಕ್ಕೆ ಬಾಗುತ್ತದೆ, ಮರಗಳ ಹೊರತು. ತಲೆ ಎತ್ತಿದಾಗ ಬಾಗಿಲಲ್ಲಿ ಇಬ್ಬರು ನಿಂತಿದ್ದಾರೆ. ಟೈ ಕಟ್ಟಿದ ಮುದುಕರು, ಅವರ ಬ್ಯಾಂಡೇಜಿನ ಕೈಯನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದ ವದಾದ್. ಇಬ್ಬರ ಬಟ್ಟೆಯ ಹಿಂಬದಿಯಲ್ಲೂ ಮೆಟ್ಟಿಲಿನ ಅಷ್ಟೂ ಧೂಳು.

ಒಳಗೆ ನಡೆದದ್ದಕ್ಕೆ ಎರಡು ಪಾಠಾಂತರಗಳಿವೆ. ಡಾಕ್ಟರ್ ನಖ್ಲೆ ಹೇಳುವುದು: "ತಿರುವಿನಲ್ಲಿ ನಾನು ಕ್ಷಣಕಾಲ ವಿಶ್ರಮಿಸುತ್ತಿದ್ದೆ. ಅಷ್ಟರಲ್ಲಿ ಈ ಮಹಿಳೆ ಆಗಮಿಸಿ ಅನಗತ್ಯವಾಗಿ ಗದ್ದಲವೆಬ್ಬಿಸಿದರು."

ವದಾದ್ ಹೇಳುವುದು ಬೇರೆ, ಅದೂ ಮೇಷ್ಟ್ರು ಅತ್ತ ಹೋದ ಮೇಲೆ. ಅವರು ಬಿದ್ದಿದ್ದ ಅದೇ ಮೆಟ್ಟಿಲ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರಂತೆ. ಮುಖದ ತುಂಬ ಬೆವರು. "ಇಷ್ಟು ವರ್ಷದಲ್ಲಿ ಆ ಮನುಷ್ಯನ ಬಾಯಲ್ಲಿ ಮನೆಮಾತು ಕೇಳಿರ್ಲಿಲ್ಲ ನಾನು. 'ವದಾದ್, ಕಾಲು ಬರ್ತಿಲ್ಲ ಕಣೇ' ಅಂದ್ರು. ನನ್ನ ಅಪ್ಪ ಅಂದ ಹಾಗಾಯ್ತು. ಎತ್ಕೊಳ್ಳೋಕೆ ನಂಗೆ ಶಕ್ತಿ ಇಲ್ಲ. ನಾನೂ ಕೆಳಗಿನ ಮೆಟ್ಟಿಲಲ್ಲಿ ಕೂತೆ. 'ಸರಿ, ನಿಲ್ಲೋದು ಬೇಡ, ಕೂತೇ ಹೋಗೋಣ' ಅಂದೆ. ಮಕ್ಕಳು ಜಾರ್ತಾರಲ್ಲ, ಹಾಗೆ. ನಾನೊಂದು ಮೆಟ್ಲು, ಅವರೊಂದು ಮೆಟ್ಲು. ಅವರು ಏನೋ ಪ್ರಾರ್ಥನೆ ಹೇಳ್ತಿದ್ರು, ಸುರಿಯಾನೀಲಿ. ನಂಗೆ ಪ್ರಾರ್ಥನೆನೂ ಬರ್ಲಿಲ್ಲ. ಅಡುಗೆಮನೆ ಒಲೆ ಆರಿಸಿದ್ರೋ ಇಲ್ವೋ ಅಂತ ಯೋಚ್ನೆ ಬರ್ತಿತ್ತು."

"ಒಲೆ ಆರ್ಸಿದ್ದೆ" ಎನ್ನುತ್ತಾರೆ ಉಮ್ಮ್ ತಾನಿಯೂಸ್, ತಮ್ಮ ಒಳ್ಳೆಯ ಕಿವಿಯನ್ನು ಈ ಕಡೆ ತಿರುಗಿಸಿ.

ಮಧ್ಯಾಹ್ನದ ಹೊತ್ತಿಗೆ ಪೌರ ರಕ್ಷಣಾ ದಳದವರೊಬ್ಬರು ತೋಪಿಗೇ ಬರುತ್ತಾರೆ. ಅದೇ ಗಂಡಸು ಇವತ್ತು ಇನ್ನೆರಡು ಶಾಲೆಗೂ ಒಂದು ಬೇಕರಿಗೂ ಫೋನ್ ಮಾಡಿದ್ದಾನಂತೆ. ಎಲ್ಲವೂ ಸುಳ್ಳು, ವಾಪಸ್ ಹೋಗಿ ಎನ್ನುತ್ತಾರೆ. ಹಾಗೆಂದು ಯಾರೂ ಕುಣಿಯುವುದಿಲ್ಲ, ಯಾಕೆಂದರೆ ಕಣಿವೆಯ ಆಚೆಯ ಢಂ ಸುಳ್ಳಲ್ಲ. ಅಲ್ಲಿ ಯಾರ ಮನೆಗೆ ಎಂದು ಇನ್ನೂ ಸುದ್ದಿ ಬಂದಿಲ್ಲ.

ವಿದ್ಯಾರ್ಥಿಗಳು ಮತ್ತೆ ಮೆಟ್ಟಿಲು ಹತ್ತುತ್ತಾರೆ, ಈ ಸಲ ಬಿಡದೆ ಹೊತ್ತು ತಂದ ಬ್ಯಾಗನ್ನು ಬೈದುಕೊಳ್ಳುತ್ತ. ಮೂರನೇ ಮಹಡಿಯ ಸುರಿಯಾನಿ ತರಗತಿ ಮಾತ್ರ ನೆಲಮಾಳಿಗೆಗೆ, ಎಣ್ಣೆ ಡಬ್ಬಗಳ ನಡುವೆ ವರ್ಗವಾಗಿದೆ. ಮೇಷ್ಟ್ರು ಇದನ್ನು ಪ್ರತಿಭಟಿಸಿದ್ದಾರೆ, ಶುದ್ಧ ವ್ಯಾಕರಣದಲ್ಲಿ. ವದಾದ್ ತಮ್ಮ ಪದ್ಧತಿಯನ್ನೂ ತಿದ್ದಿಕೊಂಡಿದ್ದಾರೆ. ಇನ್ನು ಮುಂದೆ ಗಂಟೆಯಾದ ಮೇಲೆ ಮಹಡಿಗೊಬ್ಬರು ಮೇಷ್ಟ್ರು ಕಡೆಯವರಾಗಿ ನಿಂತು, ಕೋಣೆ ಕೋಣೆ ಇಣುಕಿ, ಇಳಿಯುವಾಗ ಎಕ್ಸ್‌ಚೇಂಜಿನ ಬಾಗಿಲು ಬಡಿದು ಹೋಗಬೇಕು. ಕೊನೆಯವರು ಬಡಿಯುವುದಿಲ್ಲ, ವದಾದ್ ಕೈಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾರೆ. ಈ ಕೊನೆಯ ಷರತ್ತು ಹಾಕಿದವರು ಡಾಕ್ಟರ್ ನಖ್ಲೆ. ವದಾದ್‌ಗೆ ಇದು ಅಷ್ಟಾಗಿ ಹಿಡಿಸಿಲ್ಲ. "ನನ್ನನ್ನೂ ಸಾಮಾನಿನ ಥರ ಹೊತ್ಕೊಂಡು ಹೋಗ್ತಾರಂತೆ" ಎಂದು ಗೊಣಗುತ್ತಾರೆ.

ತಾಯಂದಿರಿಗೆ ಸುದ್ದಿ ಹೇಗೋ ಮುಟ್ಟಿದೆ. ಬೋರ್ಡಿನ ದೀಪಗಳು ಹಬ್ಬದ ಮನೆಯಂತೆ ಹೊಳೆಯುತ್ತಿವೆ. "ಇದಾಳೆ ಹಬೀಬ್ತಿ. ಇಲ್ಲ, ಏನೂ ಆಗಿಲ್ಲ. ಮರದ ಕೆಳಗೆ ಕೂತು ಬಂದ್ಲು, ಗಾಳಿ ಸೇವನೆ ಆಯ್ತು." ಒಂದಾದ ಮೇಲೊಂದು, ಎಲ್ಲರಿಗೂ ಅದೇ ಹೊಳೆಯ ದಡದ ದನಿ. ಬೆರಳಿಗೆ ಮತ್ತೆ ವೈರು ಸುತ್ತಿದೆ.

ಉಮ್ಮ್ ತಾನಿಯೂಸ್ ಒಂದು ತಟ್ಟೆ ಮುಜದ್ದರ ತಂದು ಮುಂದಿಡುತ್ತಾರೆ. ಬೇಳೆ ಇವತ್ತೂ ಹೆಚ್ಚು, ಅಕ್ಕಿ ಕಡಿಮೆ. ಬಾಗಿಲಿಗೆ ಒರಗಿ ನಿಂತು ಹೇಳಿಯೇ ಬಿಡುತ್ತಾರೆ.

"ಮೇಲೆ ಹುಡುಗ್ರು ಆಡ್ಕೊಳ್ತಿದಾರೆ ಕಣೇ. ನಿಂಗೆ ಹೆದರುಪುಕ್ಲಿ ಅಂತ ಹೆಸರಿಟ್ಟಿದಾರೆ. ಎಲ್ರೂ ಹಾಗೇ ಕರೀತಿದಾರೆ."

ವದಾದ್ ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗುತ್ತಾರೆ.

"ಎಲ್ರೂನಾ?"

"ಎಲ್ರೂ. ಒಬ್ರೂ ಬಾಕಿ ಇಲ್ಲ."

"ಹಾಗಿದ್ರೆ ಸರಿ" ಎನ್ನುತ್ತಾರೆ ವದಾದ್. "ಕರೀಲಿ ಬಿಡು. ಕರೆಯೋಕೆ ಎಲ್ರೂ ಇದಾರಲ್ಲ."